ಪಾಲಿಗೆ ಬಂದ ಪೇಟಿ

ಅಜ್ಜ ತೀರಿಹೋದ ಮರುವರ್ಷ, 1998ರಲ್ಲಿ, ನಮ್ಮ ಮನೆ ಪಾಲಾಯ್ತು. ನನಗಾಗ ಹತ್ತು ವರ್ಷ. ಹಲವಾಗಲಿನ ಹಳೇ ಮನೆಯ ಪಡಸಾಲೆಯಲ್ಲಿ ಊರ ಹಿರಿಯರು ನಾಲ್ಕು ಜನ ಕಂಬಳಿ ಹಾಸ್ಕೊಂಡು ಕೂತಿದ್ರು. ಹೊಲ ಆಯ್ತು, ಎತ್ತು ಆಯ್ತು, ಗಾಡಿ ಆಯ್ತು, ಹಿತ್ತಾಳೆ ಪಾತ್ರೆ ಆಯ್ತು. ಕೊನೆಗೆ ಉಳಿದದ್ದು ಎರಡೇ ಸಾಮಾನು. ನೀರು ಕಾಯಿಸೋ ತಾಮ್ರದ ಹಂಡೆ, ಅಜ್ಜನ ಪೇಟಿ.

ಪೇಟಿ ಅಂದ್ರೆ ಹಾರ್ಮೋನಿಯಂ. ನಮ್ಮ ಕಡೆ ಅದನ್ನ ಹಾಗೇ ಕರೆಯೋದು.

“ಪೇಟಿ ಹಿರೇ ಮನೆಯಾಗ ಇರ್ಲಿ, ಹಂಡೆ ಸಣ್ಣಾತಗೆ ಕೊಡ್ರಿ” ಅಂದ್ರು ಹಿರಿಯರೊಬ್ಬರು. ಯಾರೂ ತಕರಾರು ಮಾಡಲಿಲ್ಲ. ಅವ್ವನಿಗಂತೂ ಹಂಡೆ ಬಂದದ್ದೇ ಸಮಾಧಾನ. ಅಪ್ಪ “ಪಾಲಿಗೆ ಬಂದದ್ದು ಪಂಚಾಮೃತ” ಅಂದು ಎದ್ದ. ಕಂಬದ ಹಿಂದೆ ನಿಂತು ಅತ್ತವನು ನಾನೊಬ್ಬನೇ. ಆ ಹಂಡೆ ಇವತ್ತಿಗೂ ನಮ್ಮ ಬಚ್ಚಲಲ್ಲಿದೆ. ಪೇಟಿ ದೊಡ್ಡಪ್ಪನ ಮನೆಯ ಅಟ್ಟ ಸೇರ್ತು.

ಆ ದಿನ ಹಂಚಿಕೆಯಾದದ್ದು ಬರೀ ಸಾಮಾನಲ್ಲ, ಕಲಿಯೋ ಅವಕಾಶವೂ ಹೌದು ಅಂತ ನನಗೆ ಅರ್ಥವಾಗೋಕೆ ಇಪ್ಪತ್ತೇಳು ವರ್ಷ ಬೇಕಾಯ್ತು.

ಅಜ್ಜನ ತೊಡೆ ಮೇಲಿನ ಮೂರು ತಿಂಗಳು

ಅಜ್ಜ ದೊಡ್ಡ ಕಲಾವಿದನೇನಲ್ಲ. ಹಗಲು ಹೊಲ, ಸೋಮವಾರ ರಾತ್ರಿ ಭಜನೆ. ಶ್ರಾವಣದಲ್ಲಿ ತಿಂಗಳಿಡೀ ಭಜನೆ. ಊರ ನಾಟಕದ ತಾಲೀಮು ಶುರುವಾದ್ರೆ ಅಲ್ಲೂ ಅಜ್ಜನದೇ ಪೇಟಿ. ಕೊನೇ ಬೇಸಿಗೆಯಲ್ಲಿ ಅಜ್ಜ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಎಡಗೈಲಿ ತಾನೇ ಗಾಳಿ ಹಾಕ್ತಾ, ನನ್ನ ಬಲಗೈ ಬೆರಳನ್ನ ಒಂದೊಂದಾಗಿ ಸ್ವರದ ಮೇಲಿಡ್ತಿದ್ದ. ಸಾ ರೆ ಗ ಮ ಏರಿ ಇಳಿಯೋದು, ಎರಡು ಮೂರು ಅಲಂಕಾರ, ಒಂದು ಭಜನೆ ಹಾಡಿನ ಪಲ್ಲವಿ. ನಾನು ಕಲಿತದ್ದು ಅಷ್ಟೇ.

ಪೇಟಿಯ ಕತೆ ಒಂಚೂರು ಹೇಳ್ಬೇಕು. ಅದು ನಮ್ಮ ಮಣ್ಣಿನ ವಾದ್ಯವಲ್ಲ. 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ಕಾಲಲ್ಲಿ ಗಾಳಿ ತುಳಿಯೋ ವಾದ್ಯ. 19ನೇ ಶತಮಾನದ ಕೊನೇ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನ ನೆಲದ ಮೇಲೆ ಕೂತು, ಕೈಯಲ್ಲೇ ಗಾಳಿ ಹಾಕಿ ನುಡಿಸೋ ಹಾಗೆ ಮಾಡಿದ್ರು. ಆಮೇಲೆ ಅದು ನಾಟಕ ಕಂಪನಿಗಳ ಗಾಡಿ ಹತ್ತಿ ಊರೂರು ಸೇರ್ತು. ಕಾರಣ ಸರಳ. ತಂತಿ ಬಿಗಿಯೋ ಗೋಜಿಲ್ಲ, ದಿನಾ ಶ್ರುತಿ ಕೂಡಿಸೋ ತಾಪತ್ರಯ ಇಲ್ಲ. ಒಂದು ಸಲ ಕೊಂಡರೆ ಎರಡು ತಲೆಮಾರು ಬರುತ್ತೆ, ಒಂದು ಪೇಟಿಗೆ ಇಪ್ಪತ್ತು ಜನ ಹಾಡಬಹುದು. ಶಾಸ್ತ್ರೀಯ ಸಂಗೀತಕ್ಕೆ ಬೇಕಾದ ಸ್ವರದ ಜಾರು ಅದರಲ್ಲಿ ಬರಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನ ಹೊರಗಿಟ್ಟಿತ್ತು. ನಮ್ಮ ಹಳ್ಳಿಗಳು ಆ ಮೂವತ್ತು ವರ್ಷವೂ ಅದನ್ನ ಒಳಗೇ ಇಟ್ಟುಕೊಂಡಿದ್ವು. ಯಾಕಂದ್ರೆ ಊರಿನ ಕೈಗೆ ಎಟುಕೋ ವಾದ್ಯ ಅದು.

ಆದರೆ ಊರಿನ ಕೈ ಅಂದಾಗ ಎಲ್ಲರ ಕೈಯೂ ಅಂತ ಅರ್ಥ ಅಲ್ಲ. ಹಲಗೆ, ಸನಾದಿ, ಚೌಡಿಕೆ ಹಿಡಿದ ಮನೆತನದ ಮಕ್ಕಳು ನಮಗಿಂತ ಹತ್ತು ಪಟ್ಟು ಲಯ ಬಲ್ಲವರು. ಐದನೇ ವಯಸ್ಸಿಗೇ ತಾಳ ಅವರ ಬೆರಳಲ್ಲಿರ್ತಿತ್ತು. ಅದನ್ನ ನಾವ್ಯಾರೂ ‘ಸಂಗೀತ ಕಲಿಯೋದು’ ಅಂತ ಕರೀಲಿಲ್ಲ, ‘ಬಾರಿಸೋದು’ ಅಂದ್ವಿ. ಭಜನೆ ಪೇಟಿ ಹತ್ತಿರ ಅವರು ಕೂತದ್ದನ್ನ ನಾನಂತೂ ಚಿಕ್ಕಂದಿನಲ್ಲಿ ನೋಡಿಲ್ಲ. ಈಗ ನಮ್ಮದೇ ಜಿಲ್ಲೆಯ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದ್ವಿ. ಅದೇ ಚೌಡಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದವರನ್ನ ನಾವು ಒಳಗೆ ಕರೆದು ಕೂರಿಸಿದ್ದು ಎಷ್ಟು ಸಲ?

ಬಿಡೋಕೂ ದುಡ್ಡು ಬೇಕು

ಪಾಲಿನಲ್ಲಿ ದೊಡ್ಡಪ್ಪನಿಗೆ ಹೊಳೆ ಬದಿಯ ನೀರಾವರಿ ಹೊಲ, ನಮಗೆ ಮಳೆ ನಂಬಿದ ಹೊಲ. ಅನ್ಯಾಯ ಅಂತ ಹೇಳಲಾರೆ. ಪಂಪ್‌ಸೆಟ್ ಸಾಲ ದೊಡ್ಡಪ್ಪನೇ ತೀರಿಸಿದ್ದ. ಆದರೆ ಐದು ವರ್ಷ ಕಳೆಯೋದ್ರಲ್ಲಿ ಒಂದೇ ಅಜ್ಜನ ಮೊಮ್ಮಕ್ಕಳು ಎರಡು ಬೇರೆ ಲೋಕದಲ್ಲಿದ್ವಿ. ಅವರ ಮನೆಗೆ ಭತ್ತದ ದುಡ್ಡು, ನಮ್ಮ ಮನೆಗೆ ಮೆಕ್ಕೆಜೋಳದ ಸಾಲ.

ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಓದೋಕೆ ದಾವಣಗೆರೆಗೆ ಹೋದ. ಅಲ್ಲಿ ಅವನನ್ನ ಸಂಗೀತದ ಕ್ಲಾಸಿಗೂ ಸೇರಿಸಿದ್ರು, ಹೊಸ ಕೀಬೋರ್ಡೂ ಕೊಡಿಸಿದ್ರು. ಎಂಟು ತಿಂಗಳಿಗೆ ಬೇಜಾರಾಗಿ ಬಿಟ್ಟ. ಆಮೇಲೆ ಕ್ರಿಕೆಟ್ ಕೋಚಿಂಗ್, ಅದನ್ನೂ ಬಿಟ್ಟ. ಯಾರೂ ಬೈಲಿಲ್ಲ. “ಹುಡುಗ, ಏನರೆ ಒಂದು ಹಿಡೀತಾನ ಬಿಡು” ಅಂತಿದ್ದ ದೊಡ್ಡಪ್ಪ.

ನಾನು ಒಂದು ಸಲ ಅಪ್ಪನನ್ನ ಕೇಳಿದ್ದೆ, ಕ್ಲಾಸಿಗೆ ಹೋಗ್ಲಾ ಅಂತ. ಅಪ್ಪ ಸಿಟ್ಟಾಗಲಿಲ್ಲ. “ನಿನಗ ನಿಜವಾಗ್ಲೂ ಬರ್ತೈತೇನು? ಬರ್ತೈತಿ ಅಂದ್ರ ಏನರ ಮಾಡಾಣ” ಅಂದ. ಹನ್ನೆರಡು ವರ್ಷದ ಹುಡುಗ ಏನಂತ ಹೇಳ್ತಾನೆ? ಬರುತ್ತೋ ಇಲ್ವೋ ಅಂತ ಗೊತ್ತಾಗಬೇಕಾದ್ರೆ ಕಲೀಬೇಕು. ಕಲೀಬೇಕಾದ್ರೆ ಬರುತ್ತೆ ಅಂತ ಮೊದಲೇ ತೋರಿಸಬೇಕು. ನಾನು ಸುಮ್ಮನಾದೆ.

ಅಣ್ಣನ ಹತ್ತಿರ ಇದ್ದದ್ದು, ನನ್ನ ಹತ್ತಿರ ಇಲ್ಲದ್ದು ಕೀಬೋರ್ಡ್ ಒಂದೇ ಅಲ್ಲ. ತಪ್ಪು ತಪ್ಪಾಗಿ ನುಡಿಸಿ, ಎರಡು ವರ್ಷ ಸಾಧಾರಣವಾಗೇ ಇದ್ದು, ಬೇಡ ಅನ್ನಿಸಿದ್ರೆ ಬಿಡೋ ಸ್ವಾತಂತ್ರ್ಯ. ಉಳ್ಳವರ ಮನೆ ಮಗು ಸುಮ್ಮನೆ ಕಲಿಯಬಹುದು. ಇಲ್ಲದವರ ಮನೆ ಮಗು ಮೊದಲು ‘ಪ್ರತಿಭೆ’ ಆಗಬೇಕು, ಆಮೇಲೆ ವಿದ್ಯಾರ್ಥಿ.

ಅಂದ ಹಾಗೆ, ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರ್ತು. ಕೂತಲ್ಲೇ ಮೂರು ಜಿಲ್ಲೆ ಕಂಡವರು ನಾವು. ಸಂಗೀತದ ಕ್ಲಾಸು ಅಂದ್ರೆ ನಮ್ಮ ಮನೆಯವರ ಲೆಕ್ಕದಲ್ಲಿ ಅಂದೂ ದಾವಣಗೆರೆ, ಇಂದೂ ದಾವಣಗೆರೆ. ಹೋಗಿ ಬರೋದ್ರಲ್ಲಿ ಒಂದು ದಿನದ ಕೆಲಸ ಹಾಳು.

ನನ್ನ ಮಗಳ ಲೆಕ್ಕ

ಈಗ ನಾನು ಬೆಂಗಳೂರಿನಲ್ಲಿದ್ದೀನಿ. ಕೈತುಂಬ ಸಂಬಳ, ಕತ್ತಿನ ತನಕ ಇಎಂಐ. ನಿಮ್ಮಲ್ಲಿ ಬಹಳ ಜನರ ಹಾಗೇ. 2024ರಲ್ಲಿ ಮಗಳಿಗೆ ಎಂಟು ವರ್ಷ ತುಂಬಿದ್ದೇ ತಡ, ನನಗೆ ಸಿಗದೇ ಇದ್ದದ್ದು ಅವಳಿಗೆ ಸಿಗಲಿ ಅಂತ ಕೀಬೋರ್ಡ್ ತಂದೆ, ಒಂಬತ್ತೂವರೆ ಸಾವಿರ. ಮನೆ ಹತ್ತಿರದ ಕ್ಲಾಸು, ವಾರಕ್ಕೆರಡು ದಿನ, ತಿಂಗಳಿಗೆ 2,500. ವರ್ಷಕ್ಕೆ ಲೆಕ್ಕ ಹಾಕಿದ್ರೆ 39,500 ರೂಪಾಯಿ.

ಈ ಮೊತ್ತವನ್ನ ಊರಿನ ಲೆಕ್ಕಕ್ಕೆ ತಿರುಗಿಸಿ ನೋಡಿದೆ. 2024-25ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಒಂದು ಕುಟುಂಬಕ್ಕೆ ಖಾತರಿ ಇದ್ದದ್ದು ವರ್ಷಕ್ಕೆ 100 ದಿನ. ಅಂದ್ರೆ 34,900. ನನ್ನ ಮಗಳ ಒಂದು ವರ್ಷದ ಕೀಬೋರ್ಡ್ ಕಲಿಕೆ, ಒಂದು ಕೂಲಿ ಕುಟುಂಬದ ಇಡೀ ವರ್ಷದ ಖಾತರಿ ದುಡಿಮೆಗಿಂತ ಜಾಸ್ತಿ.

ಐದು ತಿಂಗಳಿಗೆ ಮಗಳು “ಅಪ್ಪಾ, ನನಗೆ ಸ್ವಿಮ್ಮಿಂಗ್ ಇಷ್ಟ, ಇದು ಬೋರು” ಅಂದ್ಲು. ನಾನು ರೇಗಿದೆ. ಅವಳಮ್ಮ ಮೆಲ್ಲಗೆ ಅಂದ್ಲು: “ನಿಮಗೆ ಸಿಗ್ಲಿಲ್ಲ ಅಂತ ಅವಳ ಮೇಲೆ ಯಾಕೆ ಸಾಲ ಹೊರಿಸ್ತೀರಿ?” ಮಾತು ನಾಟಿತು. ನಮ್ಮಣ್ಣನಿಗೆ ಸಿಕ್ಕ ಸ್ವಾತಂತ್ರ್ಯವೇ ನನ್ನ ಮಗಳಿಗೂ ಸಿಕ್ಕಿದೆ ಅಂತ ಆಗ ಹೊಳೀತು. ಅದಕ್ಕೆ ಸಿಟ್ಟಾಗೋದ್ರಲ್ಲಿ ಅರ್ಥ ಇಲ್ಲ. ಕೀಬೋರ್ಡ್ ಮಂಚದ ಕೆಳಗೆ ಹೋಯ್ತು.

ಗದಗಿನ ಉತ್ತರ

ಇಲ್ಲದವರ ಮಕ್ಕಳಿಗೆ ಈ ಸ್ವಾತಂತ್ರ್ಯ ಕೊಡೋದು ಸಾಧ್ಯವಾ? ನಮ್ಮ ನಾಡಿನಲ್ಲಿ ಒಂದು ಕಡೆ ನೂರು ವರ್ಷದ ಹಿಂದೆಯೇ ಇದಕ್ಕೆ ಉತ್ತರ ಹುಡುಕಿದ್ರು. ಗದಗಿನ ವೀರೇಶ್ವರ ಪುಣ್ಯಾಶ್ರಮ.

ಅದನ್ನ ಕಟ್ಟಿದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ ತಾಲ್ಲೂಕಿನವರು. ಬಡ ಮನೆ, ಕಣ್ಣಿಲ್ಲ. ಹಾನಗಲ್ ಕುಮಾರ ಸ್ವಾಮಿಗಳು ಆ ಹುಡುಗನ ದನಿ ಕೇಳಿ ಕಲಿಯೋಕೆ ದಾರಿ ಮಾಡಿಕೊಟ್ಟರು. ಗವಾಯಿಗಳು ತಾವು ಕಲಿತದ್ದನ್ನ ತಮ್ಮಂಥ ಮಕ್ಕಳಿಗೆ ಕಲಿಸೋಕೆ ಹೊರಟರು. ಮೊದಲು ಊರೂರು ಸುತ್ತೋ ಸಂಗೀತ ಶಾಲೆ, ಆಮೇಲೆ ಗದಗಿನಲ್ಲಿ ನೆಲೆ. ಅವರ ನಂತರ ಅದನ್ನ ನಡೆಸಿದ ಪುಟ್ಟರಾಜ ಗವಾಯಿಗಳು (1914–2010) ಕೂಡ ಹಾನಗಲ್ ತಾಲ್ಲೂಕಿನವರೇ, ಅವರಿಗೂ ಕಣ್ಣಿಲ್ಲ. ಹಾಡುಗಾರಿಕೆ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಅಂತ ಹತ್ತಾರು ವಾದ್ಯ ಅವರ ಕೈಲಿದ್ವು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಆಶ್ರಮದಲ್ಲಿ ಮಕ್ಕಳಿಗೆ ಫೀಸಿಲ್ಲ, ಊಟ ವಸತಿಗೂ ದುಡ್ಡಿಲ್ಲ, ಜಾತಿ ಕೇಳೋದಿಲ್ಲ. ಹಾಗಾದ್ರೆ ಖರ್ಚು? ಅದಕ್ಕಾಗಿ ನಾಟಕ ಕಂಪನಿ ಕಟ್ಟಿದ್ರು. ಊರೂರಲ್ಲಿ ಭಕ್ತರು ಪುಟ್ಟರಾಜರನ್ನ ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡಿದ್ರು, ಆ ಹಣವೂ ಆಶ್ರಮಕ್ಕೆ ಹೋಯ್ತು. ಮನೆಯಲ್ಲಿ ದುಡ್ಡಿಲ್ಲದ ಮಗುವಿನ ಪರವಾಗಿ ನಾಡೇ ದುಡ್ಡು ಹಾಕಿತು.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ಒಬ್ಬ ಹುಡುಗನನ್ನ ಹೀಗೇ ಅವನ ಸೋದರಮಾವ ಬೆಳಗಲ್ಲು ವೀರಣ್ಣ ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟರು. ತಂದೆ ಹುಲೆಪ್ಪ ಜನಪದ ಹಾಡುಗಾರರು. ಹುಡುಗ ಸುಮಾರು ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತ. ಅವರೇ ಪಂಡಿತ್ ವೆಂಕಟೇಶ್ ಕುಮಾರ್, 2016ರಲ್ಲಿ ಪದ್ಮಶ್ರೀ ಪಡೆದವರು.

ನಾವು ಸಾಮಾನ್ಯವಾಗಿ ಇಲ್ಲಿಗೆ ಕತೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತೀವಿ. ನನಗೆ ಅವರಷ್ಟೇ ಮುಖ್ಯ ಅನಿಸೋದು ಹೆಸರು ಬಾರದೇ ಇದ್ದವರು. ಅಲ್ಲಿ ಕಲಿತು ನಾಟಕಕ್ಕೆ ಪೇಟಿ ಹಿಡಿದವರು, ಪುರಾಣ ಪ್ರವಚನಕ್ಕೆ ತಬಲಾ ಸಾಥ್ ಕೊಟ್ಟವರು, ಯಾವುದೋ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದವರು. ಒಬ್ಬ ವೆಂಕಟೇಶ್ ಕುಮಾರ್ ಸಿಗಬೇಕಾದ್ರೆ, ಅವರಷ್ಟು ದೊಡ್ಡವರಾಗದ ನೂರಾರು ಮಕ್ಕಳಿಗೂ ದಿನಾ ರೊಟ್ಟಿ ಹಾಕಬೇಕು. ಆಶ್ರಮ ಮಾಡಿದ್ದು ಅದನ್ನೇ.

ವೆನೆಜುವೆಲಾ ದೇಶದಲ್ಲಿ 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೆಯು ಅನ್ನೋರು ಶುರು ಮಾಡಿದ ‘ಎಲ್ ಸಿಸ್ತೆಮಾ’ ಬಡ ಮಕ್ಕಳಿಗೆ ವಾದ್ಯ, ಪಾಠ ಎರಡನ್ನೂ ಪುಕ್ಕಟೆ ಕೊಟ್ಟು ಲೋಕಪ್ರಸಿದ್ಧವಾಯ್ತು. ಓದಿದಾಗ ಅನಿಸಿತು, ನಮ್ಮ ಗದಗಿನವರು ಇದನ್ನ ಎಷ್ಟೋ ದಶಕ ಮೊದಲೇ, ಸರ್ಕಾರದ ದುಡ್ಡಿಗೆ ಕಾಯದೇ ಶುರು ಮಾಡಿದ್ರಲ್ಲ ಅಂತ.

ಅಟ್ಟದಿಂದ ಇಳಿದ ಪೇಟಿ

ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅಣ್ಣ ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸೋ ತಯಾರಿಯಲ್ಲಿದ್ದ. “ಅಟ್ಟದ ಮ್ಯಾಲೆ ಅಜ್ಜನ ಪೇಟಿ ಐತಿ ನೋಡಪ, ಬೇಕಾದ್ರ ಒಯ್ಯಿ. ನಮಗ ಜಾಗ ಆಗ್ಬೇಕು” ಅಂದ. ಇಷ್ಟು ವರ್ಷ ಅದರ ಬಗ್ಗೆ ಮಾತೇ ಆಡದ ನಾವಿಬ್ಬರೂ ಸೇರಿ ಇಳಿಸಿದ್ವಿ. ಇಲಿ ಕಡಿದು ತಿದಿ ತೂತಾಗಿತ್ತು. ಅರ್ಧ ಸ್ವರ ಮೂಕ. ಅಣ್ಣ ಧೂಳು ಒರೆಸ್ತಾ ಅಂದ: “ನನಗ ಆಗ ಕಲಿಯೋ ಮನಸೇ ಇರ್ಲಿಲ್ಲ ಕಣೋ. ನಿನಗ ಇತ್ತು. ಯಾರಿಗೂ ತಿಳೀಲಿಲ್ಲ.”

ದಾವಣಗೆರೆಯಲ್ಲಿ ರಿಪೇರಿಗೆ 4,200 ರೂಪಾಯಿ ಆಯ್ತು. ಅಂಥದೇ ಹೊಸದಕ್ಕೆ ಹದಿನೆಂಟು ಸಾವಿರ ಹೇಳಿದ್ರು. ಬೆಂಗಳೂರಿಗೆ ತರೋದಾ ಅಂತ ಯೋಚಿಸಿದೆ. ತಂದ್ರೆ ಅದೂ ಮಂಚದ ಕೆಳಗೇ. ಅವ್ವ ಅಂದ್ಲು, “ಇಲ್ಲೇ ಪಡಸಾಲ್ಯಾಗ ಇಡು. ಹುಡುಗ್ರು ಬರ್ತಾವ.”

ಹಾಗೆ ಶುರುವಾಯ್ತು. ಸಂಜೆ ಆರರಿಂದ ಏಳೂವರೆ. ಅಜ್ಜನ ಜೊತೆ ಭಜನೆಯಲ್ಲಿ ತಾಳ ಹಾಕ್ತಿದ್ದ ಹಿರಿಯರೊಬ್ಬರು, ಈಗ ಎಪ್ಪತ್ತು ದಾಟಿದೆ, ಮಂಡಿ ನೋವು ಇಲ್ಲದ ದಿನ ಬಂದು ಹೇಳಿಕೊಡ್ತಾರೆ. ಎರಡೇ ನಿಯಮ. ಅವರದು, “ಕೈ ತೊಳ್ಕೊಂಡು ಬರ್ಬೇಕು.” ಅವ್ವನದು, “ಯಾರ ಮನೀ ಹುಡುಗ್ರು ಅಂತ ಯಾರೂ ಕೇಳ್ಬಾರ್ದು.” ಎರಡನೇದಕ್ಕೆ ಮೊದಮೊದಲು ಓಣಿಯಲ್ಲಿ ಗುಸುಗುಸು ಇತ್ತು. ಅವ್ವ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮೊದಲ ವಾರ ಹನ್ನೊಂದು ಮಕ್ಕಳು. ಎರಡು ತಿಂಗಳಿಗೆ ನಾಲ್ಕು. ಫೋನಲ್ಲಿ ಕೇಳಿ ನನಗೆ ಪಿಚ್ಚೆನಿಸಿತು. ಆಮೇಲೆ ನನಗೇ ನಗು ಬಂತು. ಬಿಟ್ಟುಹೋದ ಆ ಏಳು ಮಕ್ಕಳು ನಮ್ಮಣ್ಣ ಮಾಡಿದ್ದನ್ನೇ, ನನ್ನ ಮಗಳು ಮಾಡಿದ್ದನ್ನೇ ಮಾಡಿದ್ರು. ಮುಟ್ಟಿ ನೋಡಿದ್ರು, ಬೇಡ ಅನ್ನಿಸ್ತು, ಬಿಟ್ಟರು. ನನ್ನ ವಯಸ್ಸಿನಲ್ಲಿ ಅವರ ಅಪ್ಪಂದಿರಿಗೆ ಅಷ್ಟೂ ಸಿಕ್ಕಿರಲಿಲ್ಲ.

ಉಳಿದ ನಾಲ್ವರಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ. ತಾಯಿ ಕೂಲಿಗೆ ಹೋಗ್ತಾರೆ. ಕಳೆ ತೆಗೆಯೋ ಕಾಲದಲ್ಲಿ ಅವರು ಬರೋದು ತಡ, ಹಾಗಾಗಿ ಹುಡುಗಿ ತಮ್ಮನನ್ನ ಸೊಂಟದ ಮೇಲೆ ಕೂರಿಸ್ಕೊಂಡೇ ಬರ್ತಾಳೆ. ಅವನನ್ನ ಅವ್ವನ ಮಡಿಲಿಗೆ ಹಾಕಿ ಪೇಟಿ ಮುಂದೆ ಕೂರ್ತಾಳೆ. ನನ್ನಜ್ಜ ಮೂರು ತಿಂಗಳಲ್ಲಿ ನನಗೆ ಕಲಿಸಿದ್ದನ್ನ ಅವಳು ಮೂರು ವಾರಕ್ಕೆ ಮುಗಿಸಿದ್ಲು.

ದೀಪಾವಳಿಗೆ ಹೋದಾಗ ಅವಳ ತಾಯಿ ನನ್ನನ್ನ ಕೇಳಿದ್ರು: “ಇದ್ರಿಂದ ಮುಂದ ಏನ್ ಬರ್ತೈತ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮಗಳು ಕ್ಲಾಸಿಗೆ ಸೇರಿದಾಗ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಸಂಜೆಯ ಒಂದೂವರೆ ಗಂಟೆಗೆ ಅವರ ಮನೆಯಲ್ಲಿ ಬೆಲೆ ಇದೆ. ಒಲೆ ಹಚ್ಚಬೇಕು, ನೀರು ತರಬೇಕು, ಮಗು ನೋಡಬೇಕು. ಪೇಟಿ ಪುಕ್ಕಟೆ ಕೊಟ್ಟೆ ಅಂತ ನಾನು ಬೀಗ್ತಿದ್ದೆ. ಸಮಯ ಕೊಡ್ತಿರೋರು ಅವರು.

ನಿಮ್ಮ ಮಂಚದ ಕೆಳಗೆ ಏನಿದೆ?

ಒಂದು ಸಲ ಬಗ್ಗಿ ನೋಡಿ. ಕೀಬೋರ್ಡ್, ಗಿಟಾರ್, ತಬಲಾ, ಏನೋ ಒಂದು ಇದ್ದೇ ಇರುತ್ತೆ. ಓಎಲ್‌ಎಕ್ಸ್‌ಗೆ ಹಾಕಿದ್ರೆ ಎರಡು ಸಾವಿರ ಬರಬಹುದು. ಊರಲ್ಲಿ ಒಂದು ಪಡಸಾಲೆ ಸಿಕ್ಕರೆ ಹತ್ತು ಮಕ್ಕಳ ಕೈಗೆ ಬರುತ್ತೆ. ಕೆನಡಾದ ಟೊರಾಂಟೊ ನಗರದ ಸಾರ್ವಜನಿಕ ಗ್ರಂಥಾಲಯ 2016ರಿಂದ ವಾದ್ಯಗಳನ್ನೂ ಪುಸ್ತಕದ ಹಾಗೆ ಎರವಲು ಕೊಡ್ತಿದೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿ ಒಂದು ಪೇಟಿ, ಒಂದು ಜೊತೆ ತಬಲಾ ಇಡಬಾರದು ಅಂತ ಯಾವ ಶಾಸ್ತ್ರವೂ ಹೇಳಿಲ್ಲ.

ಕೊಡೋ ಮುಂಚೆ ಮೂರು ವಿಷಯ ನೋಡಿಕೊಳ್ಳಿ, ನಾನು ತಪ್ಪು ಮಾಡಿ ಕಲಿತದ್ದು. ರಿಪೇರಿ ಮಾಡಿಸಿ ಕೊಡಿ, ಮೂಕ ವಾದ್ಯ ಮಕ್ಕಳ ಉತ್ಸಾಹ ಕೊಲ್ಲುತ್ತೆ. ಹೇಳಿಕೊಡೋರಿಗೆ ತಿಂಗಳಿಗೆ ಇಷ್ಟು ಅಂತ ಏನಾದ್ರೂ ಕೊಡಿ. ನಮ್ಮ ಹಿರಿಯರು ಬೇಡ ಬೇಡ ಅಂದ್ರೂ ಈಗ ಅವರ ಮಂಡಿ ನೋವಿನ ಮಾತ್ರೆ ಖರ್ಚು ನನ್ನದು. ಮತ್ತೆ, ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಈ ಮೂರನೇದನ್ನ ನನಗೆ ಕಲಿಸಿದ್ದು ಆ ಹುಡುಗಿ. ಅವ್ವನ ಕಣ್ಣಿನ ಆಪರೇಷನ್ ಆಗಬೇಕಿತ್ತು, ಎರಡು ತಿಂಗಳು ಬೆಂಗಳೂರಿಗೆ ಕರ್ಕೊಂಡು ಬರೋಣ ಅಂತ ಹೋಗಿದ್ದೆ. ಬ್ಯಾಗು ಕಾರಿಗೆ ಇಡ್ತಿದ್ದಾಗ ಬಂದು ನಿಂತಳು.

“ಕಾಕಾ, ಬೀಗ ಹಾಕ್ತೀರೇನ್ರಿ?”

ನಾನು ಹೂಂ ಅನ್ನೋದ್ರಲ್ಲಿದ್ದೆ. ಮನೆ ಅಂದ ಮೇಲೆ ಬೀಗ ಹಾಕ್ಲೇಬೇಕಲ್ಲ. ಆಗ ನೆನಪಾದದ್ದು ಅಟ್ಟ. ಇಪ್ಪತ್ತೇಳು ವರ್ಷ ಯಾರೂ ಬೇಕಂತ ನನ್ನಿಂದ ಪೇಟಿ ಕಿತ್ಕೊಂಡಿರಲಿಲ್ಲ. ಸುಮ್ಮನೆ ಅವರ ಮನೆ ಒಳಗೆ ಇಟ್ಟುಕೊಂಡಿದ್ರು, ಅಷ್ಟೇ.

ಅವ್ವ ನನ್ನ ಕೈಯಿಂದ ಕೀಲಿ ತಗೊಂಡು ಅವಳ ಮನೆಗೆ ನಡೆದಳು. ಈಗ ಅದು ಅವಳ ತಾಯಿಯ ಸೆರಗಿನ ಗಂಟಲ್ಲಿದೆ. ಕೂಲಿಯಿಂದ ಬಂದು, ಕೈಕಾಲು ತೊಳ್ಕೊಂಡು, ಅವರೇ ಬಾಗಿಲು ತೆಗೀತಾರಂತೆ. ಕೆಲವು ದಿನ ತಾವೂ ಗೋಡೆಗೆ ಒರಗಿ ಕೂತು ಕೇಳ್ತಾರಂತೆ.

“ಏನ್ ಬರ್ತೈತಿ” ಅನ್ನೋ ಅವರ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಅವರೂ ಮತ್ತೆ ಕೇಳಿಲ್ಲ.